ಹದಿನೈದು ಮನೆ ಸುತ್ತಿ ಬರುವ ಲೆಕ್ಕ

ಓದುಗರ ಪ್ರಶ್ನೆ, ಲೆಕ್ಕದ ಮೇಷ್ಟ್ರ ಉತ್ತರ

ಹೋದ ಸಂಚಿಕೆಯಲ್ಲಿ 1ನ್ನು 7ರಿಂದ ಭಾಗಿಸುವ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ 'ಪ್ರಿಮಿಟಿವ್' ಅನ್ನುವ ಪದವನ್ನು ಸುಮ್ನೆ ತೂರಿಸಿ ಕೈ ತೊಳೆದುಕೊಂಡಿದ್ದೆ. ಓದುಗರು ಬಿಡಬೇಕಲ್ಲ! ಹಾಗಾಗಿ ಈ ಸಲ ಎಲ್ಲವೂ ಅದೇ ಸಂಸಾರದ ಪ್ರಶ್ನೆಗಳು. ಒಂದು ಪೆನ್ಸಿಲ್ಲು, ಒಂದು ಚೌಕಳಿ ಹಾಳೆ ಹತ್ತಿರ ಇಟ್ಟುಕೊಂಡು ಓದಿ. ಬರೀ ಕಣ್ಣಲ್ಲಿ ಓದಿದರೆ ಇದು ಹತ್ತುವುದಿಲ್ಲ.

ಪ್ರಶ್ನೆ: ಮೇಷ್ಟ್ರೇ, 7ಕ್ಕೆ 10 ಪ್ರಿಮಿಟಿವ್, 13ಕ್ಕೆ ಅಲ್ಲ ಅಂತ ಬರೆದಿದ್ದೀರಿ. ಹಾಗಂದರೇನು? ಸೂತ್ರ ಬೇಡ, ಬಾಯಿಮಾತಲ್ಲಿ ಹೇಳಿ.
— ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಸೂತ್ರ ಬೇಡವೇ ಬೇಡ, ಭಾಗಾಕಾರ ಮಾಡೋಣ. 1ನ್ನು 7ರಿಂದ ಭಾಗಿಸಿ. ಸೊನ್ನೆ ಇಳಿಸಿದರೆ 10 ಆಗುತ್ತೆ, ಶೇಷ 3. ಮತ್ತೆ ಸೊನ್ನೆ ಇಳಿಸಿದರೆ 30, ಶೇಷ 2. ಹೀಗೇ ಹೋದರೆ ಶೇಷಗಳು 1, 3, 2, 6, 4, 5 ಅಂತ ಬಂದು ಮತ್ತೆ 1ಕ್ಕೆ ಮುಟ್ಟುತ್ತವೆ. 7ಕ್ಕೆ ಸೊನ್ನೆ ಬಿಟ್ಟು ಇರಬಹುದಾದ ಶೇಷಗಳೇ ಆರು. ಆರೂ ಬಂದವು. ಅದಕ್ಕೇ 1/7ರ ದಶಮಾಂಶ 142857 ಅಂತ ಆರು ಅಂಕಿ ಓಡಿ ಮತ್ತೆ ಮೊದಲಿಗೆ ಬರುವುದು.

ಈಗ 13. ಶೇಷಗಳು 1, 10, 9, 12, 3, 4. ಅಲ್ಲಿಗೇ ಮತ್ತೆ 1. ಇರಬಹುದಾದ ಶೇಷಗಳು ಹನ್ನೆರಡು, ಬಂದದ್ದು ಆರೇ. 2, 5, 6, 7, 8, 11ರ ಮನೆಗೆ 10 ಕಾಲಿಡಲೇ ಇಲ್ಲ.

ನೀವು ಸೊನ್ನೆ ಇಳಿಸುವುದು ಅಂದರೆ 10ರಿಂದ ಗುಣಿಸುವುದು ತಾನೇ? ಗುಣಿಸುತ್ತಾ ಹೋಗಿ ಸೊನ್ನೆ ಬಿಟ್ಟು ಎಲ್ಲ ಮನೆಗೂ ಹೋಗಿಬರುವ ಸಂಖ್ಯೆಗೆ ಪ್ರಿಮಿಟಿವ್ ಅನ್ನುತ್ತಾರೆ. ಅಷ್ಟೇ. 13ಕ್ಕೂ ಅಂಥದ್ದು ಇದೆ, 2ನ್ನು ತೆಗೆದುಕೊಂಡು ನೋಡಿ, ಹನ್ನೆರಡೂ ಬರುತ್ತವೆ. ಯಾವ ಅವಿಭಾಜ್ಯ ಸಂಖ್ಯೆ ತೆಗೆದುಕೊಂಡರೂ ಇಂಥದ್ದೊಂದು ಇದ್ದೇ ಇರುತ್ತೆ ಅಂತ ಜರ್ಮನ್ ಗಣಿತಜ್ಞ ಗೌಸ್ 1801ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಸಾಧಿಸಿ ತೋರಿಸಿದ್ದಾನೆ.

ಪ್ರಶ್ನೆ: ಸರ್, 16 ಅಂಶಗಳ ಫೈನೈಟ್ ಫೀಲ್ಡ್ ಇದೆ ಅಂತಾರೆ. ಆದರೆ 16ರಿಂದ ಭಾಗಿಸಿ ಶೇಷ ಇಟ್ಟುಕೊಂಡರೆ 4 × 4 ಸೊನ್ನೆ ಆಗಿಬಿಡುತ್ತೆ. ಮತ್ತೆ ಹೇಗೆ? ಇನ್ನೊಂದು: ಚಿಕ್ಕ ಬಹುಪದೋಕ್ತಿಗಳ ಗುಣಲಬ್ಧವಾಗಿ ಒಡೆಯಲಾಗದ ಬಹುಪದೋಕ್ತಿ ತಗೊಂಡರೆ ಅದರ ಮೂಲ ತಾನಾಗೇ ಪ್ರಿಮಿಟಿವ್ ಆಗುತ್ತಾ?
— ಬಿಎಸ್ಸಿ ವಿದ್ಯಾರ್ಥಿನಿ, ಹಾಸನ

ನಿಮ್ಮ ಎರಡನೇ ಪ್ರಶ್ನೆ ಓದಿ ನನಗೆ ಹಳೇ ಗಾಯ ಕೆರೆದ ಹಾಗಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

16ರ ಶೇಷ ಕೆಲಸಕ್ಕೆ ಬರಲ್ಲ ಅಂತ ನೀವೇ ಕಂಡುಕೊಂಡಿದ್ದೀರಿ, ಸರಿಯಾಗಿದೆ. ಫೀಲ್ಡ್ ಅಂದರೆ ಕೂಡುವುದು, ಕಳೆಯುವುದು, ಗುಣಿಸುವುದು, ಸೊನ್ನೆ ಬಿಟ್ಟು ಯಾವುದರಿಂದಲಾದರೂ ಭಾಗಿಸುವುದು, ಈ ನಾಲ್ಕೂ ನಡೆಯುವ ಸಂಸಾರ. ಫೈನೈಟ್ ಅಂದರೆ ಅದರಲ್ಲಿರುವ ಅಂಶಗಳನ್ನು ಎಣಿಸಿ ಮುಗಿಸಬಹುದು. 16 ಮನೆಯ ಫೀಲ್ಡನ್ನು ಬೇರೆ ಥರ ಕಟ್ಟಬೇಕು. ನಾಲ್ಕು ಬಿಟ್‌ಗಳ ಸಾಲುಗಳನ್ನು ತೆಗೆದುಕೊಳ್ಳಿ, 0000ದಿಂದ 1111ರವರೆಗೆ. ಕೂಡುವಾಗ ಎರಡೂ ಒಂದೇ ಇದ್ದರೆ 0, ಬೇರೆ ಬೇರೆ ಇದ್ದರೆ 1. ಕೈಯಲ್ಲಿ ಒಂದು ಇಟ್ಟುಕೊಳ್ಳುವ ರಗಳೆ ಇಲ್ಲ. ಇಲ್ಲಿ ಯಾವುದನ್ನಾದರೂ ಅದಕ್ಕೇ ಕೂಡಿದರೆ ಸೊನ್ನೆ. ಇದನ್ನು ನೆನಪಿಡಿ, ಮುಂದೆ ಬೇಕು.

ಇನ್ನು ಗುಣಾಕಾರ. 0010ರಿಂದ ಗುಣಿಸುವುದು ಅಂದರೆ ಇಡೀ ಸಾಲನ್ನು ಎಡಕ್ಕೆ ಒಂದು ಮನೆ ಸರಿಸುವುದು. ಎಡತುದಿಯಲ್ಲಿ 1 ಇದ್ದರೆ ಅದು ಉಕ್ಕಿ ಹೊರಗೆ ಬೀಳುತ್ತೆ. ಉಕ್ಕಿದ್ದಕ್ಕೆ ದಂಡ ಕಟ್ಟಬೇಕು. ದಂಡ ಎಷ್ಟು ಅನ್ನುವುದನ್ನು ನಿಮ್ಮ ಬಹುಪದೋಕ್ತಿ ಹೇಳುತ್ತೆ. ಸದ್ಯಕ್ಕೆ x⁴ + x + 1 ತೆಗೆದುಕೊಳ್ಳಿ, x⁴ ಬಿಟ್ಟು ಉಳಿದದ್ದೇ ದಂಡ, ಅಂದರೆ 0011. ಇಲ್ಲಿ 0010 ಅಂದರೆ x, ನೀವು ಕೇಳಿದ ಮೂಲ ಅದೇ. 0001ರಿಂದ ಹೊರಡಿ:

0001, 0010, 0100, 1000, 0011, 0110, 1100, 1011, 0101, 1010, 0111, 1110, 1111, 1101, 1001.

ಇನ್ನೊಂದು ಸಲ ಸರಿಸಿ ದಂಡ ಕಟ್ಟಿದರೆ ಮತ್ತೆ 0001. ಹದಿನೈದು ಮನೆಯೂ ಆಯಿತು. ದಯವಿಟ್ಟು ನನ್ನನ್ನು ನಂಬಬೇಡಿ, ಒಂದು ಸಲ ನೀವೇ ಬರೆಯಿರಿ.

ಈಗ ಮಜಾ ನೋಡಿ. 0001ಕ್ಕೆ ಮನೆ ನಂಬರ್ 0, 0010ಕ್ಕೆ 1, ಹೀಗೆ ನಂಬರ್ ಹಾಕುತ್ತಾ ಬನ್ನಿ. 0110 ಐದನೇ ನಂಬರು, 1011 ಏಳನೇದು. ಇವೆರಡರ ಗುಣಲಬ್ಧ ಬೇಕಾ? 5ಕ್ಕೆ 7 ಕೂಡಿಸಿ, 12. ಹನ್ನೆರಡನೇ ಮನೆಯಲ್ಲಿ 1111 ಕೂತಿದೆ. ಅದೇ ಉತ್ತರ. ಮೊತ್ತ 15 ಮುಟ್ಟಿದರೆ ಅಥವಾ ದಾಟಿದರೆ 15 ಕಳೆಯಿರಿ. ನಾವು ಪಿಯುಸಿಯಲ್ಲಿ ಲಾಗ್ ಟೇಬಲ್ ಪುಸ್ತಕ ಹಿಡಿದುಕೊಂಡು ಮಾಡುತ್ತಿದ್ದದ್ದೂ ಇದೇ ಅಲ್ವಾ, ಗುಣಾಕಾರವನ್ನು ಸಂಕಲನಕ್ಕೆ ಇಳಿಸುವುದು. ಯಾಕೋಬಿ ಅನ್ನುವ ಜರ್ಮನ್ ಗಣಿತಜ್ಞ 1839ರಲ್ಲಿ 1000ದೊಳಗಿನ ಅವಿಭಾಜ್ಯ ಸಂಖ್ಯೆಗಳಿಗೆಲ್ಲ ಇಂಥ ಟೇಬಲ್ ಮಾಡಿ ಅಚ್ಚು ಹಾಕಿಸಿದ. ಕ್ಯಾಲ್ಕುಲೇಟರ್ ಇಲ್ಲದ ಕಾಲ, ಆ ತಾಳ್ಮೆಗೆ ಕೈ ಮುಗಿಯಬೇಕು.

ಈಗ ಹಳೇ ಗಾಯ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬೋರ್ಡಿನ ಮೇಲೆ ನಿಮ್ಮ ವಾಕ್ಯವನ್ನೇ ಬರೆದಿದ್ದೆ. ಒಡೆಯಲಾಗದ್ದು, ಆದ್ದರಿಂದ ಮೂಲ ಪ್ರಿಮಿಟಿವ್. ಉದಾಹರಣೆಗೆ ದಂಡ 1111 ಇರುವುದನ್ನು ಕೊಟ್ಟು, "ಮಿಕ್ಕದ್ದು ಮನೆಯಲ್ಲಿ ಮಾಡ್ಕೊಂಡು ಬನ್ನಿ" ಅಂತ ಬೋರ್ಡು ಒರೆಸಿ ಹೋದೆ. ಮಾರನೇ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಐದಕ್ಕೇ ವಾಪಸ್ ಬಂತು" ಅಂದ. ಲೆಕ್ಕ ತಪ್ಪಿರಬೇಕು ಅಂತ ಕರೆದು ಬೋರ್ಡಿನ ಮೇಲೆ ಮಾಡಿಸಿದೆ. 0001, 0010, 0100, 1000, 1111. ಮುಂದಿನದು? ಸರಿಸಿದರೆ 1110, ದಂಡ 1111 ಕೂಡಿಸಿದರೆ 0001. ಐದಕ್ಕೇ ವಾಪಸ್! ತಪ್ಪಿದ್ದು ಅವನಲ್ಲ. ಚಾಕ್‌ಪೀಸ್ ಕೈಲಿ ಹಿಡಿದು ನಾನು ನಿಂತೇ ಇದ್ದೆ, ಬೆಲ್ ಹೊಡೆದು ಮಾನ ಉಳಿಸಿತು.

ಆ ಬಹುಪದೋಕ್ತಿ ಒಡೆಯಲಾಗದ್ದು ಹೌದು. ಅದರಿಂದ 16 ಮನೆಯ ಫೀಲ್ಡೂ ಸರಿಯಾಗಿಯೇ ಸಿಗುತ್ತೆ. ಆದರೆ 0010ಕ್ಕೆ ಎಲ್ಲ ಮನೆ ಸುತ್ತುವ ಶಕ್ತಿ ಇಲ್ಲ. ಅಲ್ಲೂ ಬೇರೆ ಯಾರೋ ಸುತ್ತುತ್ತಾರೆ, 0011 ಹಿಡಿದು ನೋಡಿ. 16ರ ಫೀಲ್ಡಿನಲ್ಲಿ ಹೀಗೆ ಸುತ್ತುವವು ಎಂಟು. ಪರೀಕ್ಷೆ ಮಾಡಲು ಹದಿನೈದೂ ಹೆಜ್ಜೆ ಹಾಕಬೇಕಿಲ್ಲ. 15 ಅಂದರೆ 3 × 5. ಮೂರನೇ ಘಾತವೂ ಐದನೇ ಘಾತವೂ 0001 ಆಗದಿದ್ದರೆ ಸಾಕು, ಅದು ಪ್ರಿಮಿಟಿವ್.

ಪ್ರಶ್ನೆ: ನಾರ್ಮಲ್ ಬೇಸಿಸ್ ಅಂದರೆ ಏನು ಮೇಷ್ಟ್ರೇ? ಪ್ರಿಮಿಟಿವ್ ಆದದ್ದೆಲ್ಲ ನಾರ್ಮಲ್ ಕೂಡ ಆಗಿರುತ್ತದೆಯೇ?
— ಚಿಪ್ ವಿನ್ಯಾಸದ ಇಂಜಿನಿಯರ್, ಬೆಂಗಳೂರು

ಇಲ್ಲ. ಇವೆರಡೂ ಬೇರೆ ಬೇರೆ ಗುಣ. ಒಬ್ಬನಿಗೆ ಓಡಲು ಬರುತ್ತೆ, ಇನ್ನೊಬ್ಬನಿಗೆ ಅಡುಗೆ ಬರುತ್ತೆ, ಆ ಥರ.

ಶಾಲೆಯಲ್ಲಿ ಕಲಿತ ವರ್ಗದ ಸೂತ್ರ ನೆನಪಿದೆಯಾ? ಮೊದಲನೆಯದರ ವರ್ಗ, ಎರಡನೆಯದರ ವರ್ಗ, ನಡುವೆ ಎರಡು ಪಟ್ಟು ಗುಣಲಬ್ಧ. ನಮ್ಮ ಈ ಫೀಲ್ಡಿನಲ್ಲಿ ಯಾವುದನ್ನಾದರೂ ಅದಕ್ಕೇ ಕೂಡಿದರೆ ಸೊನ್ನೆ ಅಂದೆನಲ್ಲ, ಹಾಗಾಗಿ ಆ ನಡುವಿನ ಪದ ಉದುರಿಹೋಗುತ್ತೆ. ಮೊತ್ತದ ವರ್ಗ ಅಂದರೆ ವರ್ಗಗಳ ಮೊತ್ತ. ಪರೀಕ್ಷೆಯಲ್ಲಿ ಮಕ್ಕಳು ಹೀಗೆ ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಇಲ್ಲಿ ಅದೇ ಸರಿ ಉತ್ತರ!

ಈಗ ಒಂದು ಅಂಶ ಹಿಡಿಯಿರಿ. ಅದರ ವರ್ಗ, ವರ್ಗದ ವರ್ಗ, ಅದರದ್ದೂ ವರ್ಗ. ಒಟ್ಟು ನಾಲ್ಕು ಸಿಕ್ಕವು. 0010 ಹಿಡಿದಿದ್ದರೆ ಮನೆ ನಂಬರಿನ ಲೆಕ್ಕದಲ್ಲಿ 1, 2, 4, 8. ಮುಂದಿನ ವರ್ಗ 16, ಅಂದರೆ ಮತ್ತೆ 1. ಈ ನಾಲ್ಕನ್ನು ಬೇಕಾದ ಹಾಗೆ ಕೂಡಿಸಿ ಹದಿನಾರು ಸಾಲುಗಳನ್ನೂ ಮಾಡಲು ಬಂದರೆ ಅದೇ ನಾರ್ಮಲ್ ಬೇಸಿಸ್. ಆ ಅಂಶಕ್ಕೆ ನಾರ್ಮಲ್ ಅಂತ ಹೆಸರು.

ದಂಡ 0011 ಇದ್ದಾಗ ಆ ನಾಲ್ಕು ಯಾವುವು? ಮೇಲಿನ ಪಟ್ಟಿಯಿಂದಲೇ ತೆಗೆಯಿರಿ: 0010, 0100, 0011, 0101. ನಾಲ್ಕನ್ನೂ ಕೂಡಿ. 0000! ಒಂದು ಮಿಕ್ಕ ಮೂರರ ಮೊತ್ತ ಆಗಿಬಿಟ್ಟಿದೆ. ನಾಲ್ಕು ಕಾಲಿನ ಮಂಚ ಅಂತ ತಂದರೆ ಮೂರೇ ಕಾಲು. ಹದಿನೈದು ಮನೆ ಸುತ್ತುವ ಗಟ್ಟಿಗ, ಆದರೆ ನಾರ್ಮಲ್ ಅಲ್ಲ.

ನನ್ನ ಮಾನ ಕಳೆದ ದಂಡ 1111 ಏನಾಯಿತು? 0010, 0100, 1111, 1000. ಇಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ, ನಾಲ್ಕೂ ಸ್ವತಂತ್ರ. ಐದಕ್ಕೇ ಮನೆಗೆ ಬರುವ ಸೋಮಾರಿ, ಆದರೆ ನಾರ್ಮಲ್.

ಮೂರನೆಯದು ದಂಡ 1001. ಅದು ಹದಿನೈದೂ ಸುತ್ತುತ್ತೆ. ಅದರ ನಾಲ್ಕು ವರ್ಗಗಳು 0010, 0100, 1001, 1110. ಇವೂ ಸ್ವತಂತ್ರ. ಎರಡೂ ವಿದ್ಯೆ ಬಲ್ಲದ್ದು ಇದು. ನಾಲ್ಕು ಬಿಟ್‌ಗೆ ಒಡೆಯಲಾಗದ ಬಹುಪದೋಕ್ತಿಗಳು ಈ ಮೂರೇ, ಮೂರಕ್ಕೂ ಮೂರು ಸ್ವಭಾವ. ಇದಕ್ಕಿಂತ ಒಳ್ಳೆ ಉದಾಹರಣೆ ನಾನು ಹುಡುಕಿದರೂ ಸಿಗುತ್ತಿರಲಿಲ್ಲ.

ನೀವು ಚಿಪ್ ಕೆಲಸದವರು, ನಿಮಗೆ ಬೇಕಾದದ್ದು ಇಲ್ಲಿದೆ. ಸಾಲುಗಳನ್ನು ನಾರ್ಮಲ್ ಬೇಸಿಸ್‌ನಲ್ಲಿ ಬರೆದುಕೊಂಡರೆ ವರ್ಗ ಮಾಡುವುದು ಅಂದರೆ ಬಿಟ್‌ಗಳು ಒಂದೊಂದು ಸ್ಥಾನ ಪಕ್ಕಕ್ಕೆ ಸರಿಯುವುದು, ಅಷ್ಟೇ. ಪಂಕ್ತಿಯಲ್ಲಿ ಎಲ್ಲರೂ ಒಂದೊಂದು ಎಲೆ ಮುಂದೆ ಸರಿದು, ಕೊನೆಯವರು ಎದ್ದು ಬಂದು ಮೊದಲನೇ ಎಲೆಗೆ ಕೂತ ಹಾಗೆ. ದಂಡ 1001ರಲ್ಲಿ 0110 ತೆಗೆದುಕೊಳ್ಳಿ. ಅದು ಮೊದಲ ಎರಡರ ಮೊತ್ತ, ಹಾಗಾಗಿ ಹೊಸ ಬರಹದಲ್ಲಿ 1100. ವರ್ಗ ಮಾಡಿದರೆ 0110, ಅಂದರೆ ಎರಡನೆಯದು ಮತ್ತು ಮೂರನೆಯದು: 0100 ಕೂಡಿಸು 1001, ಉತ್ತರ ಹಳೇ ಬರಹದಲ್ಲಿ 1101. ಒಂದೂ ಗೇಟ್ ಬೇಡ, ತಂತಿ ತಿರುಗಿಸಿ ಜೋಡಿಸಿದರೆ ಮುಗಿಯಿತು.

ಆದರೆ ಬೇರೆ ಬೇರೆ ಎರಡನ್ನು ಗುಣಿಸುವಾಗ ಈ ಬೇಸಿಸ್ ಕಾಟ ಕೊಡುತ್ತೆ. 1980ರ ದಶಕದಲ್ಲಿ ಮ್ಯಾಸ್ಸಿ ಮತ್ತು ಒಮುರಾ ಇದಕ್ಕೊಂದು ಜಾಣ ಸರ್ಕ್ಯೂಟ್ ಕೊಟ್ಟರು. ಆ ಸರ್ಕ್ಯೂಟ್ ಚಿಕ್ಕದಾಗಲು ಬೇಸಿಸ್ ಕೂಡ ಒಳ್ಳೆಯದಿರಬೇಕು. ಅತಿ ಅಗ್ಗದ್ದಕ್ಕೆ ಆಪ್ಟಿಮಲ್ ನಾರ್ಮಲ್ ಬೇಸಿಸ್ ಅನ್ನುತ್ತಾರೆ. ನಾಲ್ಕು ಬಿಟ್‌ಗೆ ಅತಿ ಅಗ್ಗದ್ದು ಯಾವುದು ಗೊತ್ತಾ? ನಮ್ಮ ಸೋಮಾರಿ 1111. ಐದಕ್ಕೇ ವಾಪಸ್ ಬರುವುದರಿಂದಲೇ ಅದರ ಗುಣಾಕಾರ ಅಷ್ಟು ಚೊಕ್ಕ. ಆ ಹಿಂದಿನ ಬೆಂಚಿನ ಹುಡುಗನಿಗೆ ಅವತ್ತು ಇದನ್ನು ಹೇಳಲು ನನಗೆ ಗೊತ್ತಿರಲಿಲ್ಲ.

ಪ್ರಶ್ನೆ: ಫ್ರಾನ್ಸಿನ ಗಣಿತಜ್ಞ ಗಾಲ್ವಾ ಈ ಫೀಲ್ಡುಗಳನ್ನೆಲ್ಲ ಸಾಯುವ ಹಿಂದಿನ ರಾತ್ರಿ ಕೂತು ಬರೆದನಂತೆ, ನಿಜವೇ?
— ಪಿಯುಸಿ ವಿದ್ಯಾರ್ಥಿ, ಗದಗ

ಸಿನಿಮಾಕ್ಕೆ ಚೆನ್ನಾಗಿರುತ್ತೆ, ಆದರೆ ನಿಜ ಅಲ್ಲ. ಫೈನೈಟ್ ಫೀಲ್ಡ್ ಬಗ್ಗೆ ಅವನ ಲೇಖನ 1830ರಲ್ಲೇ ಅಚ್ಚಾಗಿತ್ತು. ಆಗ ಅವನಿಗೆ 18 ವರ್ಷ. ಅವನ ಪ್ರಾಣ ತೆಗೆದ ದ್ವಂದ್ವಯುದ್ಧ ನಡೆದದ್ದು 1832ರ ಮೇ 30ರಂದು, ಮಾರನೇ ದಿನ ಆಸ್ಪತ್ರೆಯಲ್ಲಿ ಸತ್ತ. ಹಿಂದಿನ ರಾತ್ರಿ ಗೆಳೆಯ ಶೆವಾಲಿಯೇಗೆ ಪತ್ರ ಬರೆದದ್ದು, ಹಳೇ ಹಸ್ತಪ್ರತಿ ತಿದ್ದಿದ್ದು ನಿಜ. ವಯಸ್ಸು 20. ನಿಮಗಿಂತ ಮೂರ್ನಾಲ್ಕು ವರ್ಷ ದೊಡ್ಡವನು, ಅಷ್ಟೇ.

ಪ್ರಶ್ನೆ: ನಿಮ್ಮ ಈ ಮನೆ ಸುತ್ತುವ ಆಟದಿಂದ ನಮ್ಮಂಥವರಿಗೆ ಏನು ಉಪಯೋಗ?
— ದಿನಸಿ ಅಂಗಡಿ ಮಾಲೀಕರು, ಚಿಕ್ಕಮಗಳೂರು

ನಿಮ್ಮ ಗಲ್ಲಾಪೆಟ್ಟಿಗೆ ಪಕ್ಕ ಕ್ಯೂಆರ್ ಕೋಡ್ ಅಂಟಿಸಿದ್ದೀರಿ ತಾನೇ? ಅದರೊಳಗೇ ಈ ಆಟ ಇದೆ.

ನಮ್ಮ ಬೀದಿಗೆ ಸೊಪ್ಪು ತರುವ ಅಮ್ಮನ ತಳ್ಳುಗಾಡಿಯಲ್ಲಿ ಒಂದು ಕೋಡ್ ತೂಗುತ್ತೆ. ಮಳೆಗೆ ಒಂದು ಮೂಲೆ ಉಬ್ಬಿದೆ, ನಡುವೆ ಕೊತ್ತಂಬರಿ ಮಣ್ಣಿನ ಕಲೆ. ಆದರೂ ಫೋನ್ ಹಿಡಿದರೆ ಸಾಕು, ಟಕ್ ಅಂತ ಓದುತ್ತೆ. ಕೋಡಿನಲ್ಲಿ ಮಾಹಿತಿಯ ಜೊತೆ ಸರಿಪಡಿಸುವ ಬೈಟ್‌ಗಳನ್ನೂ ತುಂಬಿರುತ್ತಾರೆ. ಅತಿ ಗಟ್ಟಿ ಮಟ್ಟದಲ್ಲಿ ಸುಮಾರು 30 ಶೇಕಡಾ ಹಾಳಾದರೂ ಓದಲು ಬರುತ್ತೆ. ಈ ವಿದ್ಯೆ ರೀಡ್ ಮತ್ತು ಸಾಲೊಮನ್ 1960ರಲ್ಲಿ ಕೊಟ್ಟದ್ದು. ಕ್ಯೂಆರ್ ಕೋಡ್ 1994ರಲ್ಲಿ ಜಪಾನಿನಲ್ಲಿ ಹುಟ್ಟಿತು.

ಅಲ್ಲಿ ಎಂಟು ಬಿಟ್, 256 ಮನೆ, ದಂಡ 00011101. ಪ್ರತಿ ಬೈಟಿಗೂ ಸುತ್ತಿನ ಒಂದೊಂದು ಮನೆ ಗುರುತು. ಕೋಡ್ ಬಿಡಿಸುವಾಗ ಯಾವ ಮನೆಯ ಬೈಟು ಕೆಟ್ಟಿದೆ ಅಂತ ಆ ಗುರುತಿನಿಂದಲೇ ಪತ್ತೆ ಹಚ್ಚುತ್ತಾರೆ. ಸುತ್ತು ಬೇಗ ಮುಗಿದುಬಿಟ್ಟರೆ ಎರಡು ಬೈಟಿಗೆ ಒಂದೇ ಮನೆ ನಂಬರ್ ಬಂದು, ಪೋಸ್ಟ್‌ಮನ್ ಕಕ್ಕಾಬಿಕ್ಕಿ. ಅದಕ್ಕೇ ಅಲ್ಲಿ 255 ಮನೆಯೂ ಸುತ್ತುವ ದಂಡ ಆರಿಸಿಟ್ಟಿದ್ದಾರೆ.

ಎಲ್ಲ ಕಡೆ ಹಾಗೇ ಇರಬೇಕು ಅಂತಿಲ್ಲ. ಗುಟ್ಟು ಕಾಯುವ ಎಇಎಸ್ ಅನ್ನುವ ಪದ್ಧತಿ 2001ರಲ್ಲಿ ಅಮೆರಿಕದ ಮಾನದಂಡವಾಯಿತು. ಅಲ್ಲೂ 256 ಮನೆ, ಆದರೆ ದಂಡ 00011011. ಅಲ್ಲಿ 00000010 ಹಿಡಿದು ಹೊರಟರೆ 51ಕ್ಕೇ ವಾಪಸ್. ಎಲ್ಲ ಸುತ್ತಬೇಕಾದರೆ 00000011 ಹಿಡಿಯಬೇಕು. ಈ ಪದ್ಧತಿಗೆ ಬೇಕಾದದ್ದು ಫೀಲ್ಡ್, ಸುತ್ತಾಟ ಅಲ್ಲ. ಹಾಗಾಗಿ ಯಾರಿಗೂ ತೊಂದರೆ ಇಲ್ಲ.

ಪ್ರಶ್ನೆ: ಪ್ರಿಮಿಟಿವ್ ಅಂಶವನ್ನು ನೇರವಾಗಿ ಕೊಡುವ ಸೂತ್ರ ಇದೆಯೇ? ಮತ್ತು ಎರಡೂ ಗುಣ ಇರುವ ಅಂಶ ಪ್ರತಿ ಫೀಲ್ಡಿನಲ್ಲೂ ಸಿಗುತ್ತದೆಯೇ?
— ಗಣಿತ ಉಪನ್ಯಾಸಕರು, ಧಾರವಾಡ

ಮೊದಲನೆಯದಕ್ಕೆ ಇಲ್ಲ ಅನ್ನಬೇಕು. ಒಂದನ್ನು ಹಿಡಿದು ಪರೀಕ್ಷೆ ಮಾಡುವುದು, ಆಗದಿದ್ದರೆ ಇನ್ನೊಂದು. ಹೆದರಿಕೆ ಬೇಡ, ಅವು ಅಪರೂಪ ಅಲ್ಲ. 256ರ ಫೀಲ್ಡಿನಲ್ಲಿ 128 ಇವೆ, ಕಣ್ಣು ಮುಚ್ಚಿ ಕೈ ಹಾಕಿದರೂ ಅರ್ಧಕ್ಕರ್ಧ ಸಿಗುತ್ತೆ. ನಿಜವಾದ ಕಷ್ಟ ಪರೀಕ್ಷೆಯಲ್ಲಿದೆ. ಫೀಲ್ಡ್ ದೊಡ್ಡದಾದರೆ, ಅದರ ಗಾತ್ರದಲ್ಲಿ ಒಂದು ಕಳೆದ ಸಂಖ್ಯೆಯನ್ನು ಅಪವರ್ತಿಸಲೇ ದಮ್ಮು ಬೇಕು.

ಎರಡನೆಯದಕ್ಕೆ ಹೌದು, ಯಾವಾಗಲೂ ಸಿಗುತ್ತೆ. ಆದರೆ ಈ 'ಹೌದು' ಬರಲು ಬಹಳ ಕಾಲ ಹಿಡಿಯಿತು. ನಾರ್ಮಲ್ ಬೇಸಿಸ್ ಪ್ರತಿ ಫೈನೈಟ್ ಫೀಲ್ಡಿನಲ್ಲೂ ಇದೆ ಅಂತ ಹೆನ್ಸೆಲ್ 1888ರಲ್ಲೇ ತೋರಿಸಿದ. ಒಂದೇ ಅಂಶದಲ್ಲಿ ಎರಡೂ ಗುಣ ಬೇಕು ಅಂದಾಗ ತಕರಾರು. ಫೀಲ್ಡ್ ಸಾಕಷ್ಟು ದೊಡ್ಡದಿದ್ದರೆ ಸಿಗುತ್ತೆ ಅಂತ ಕಾರ್ಲಿಟ್ಜ್ 1952ರಲ್ಲಿ ಸಾಧಿಸಿದರು. ಅವಿಭಾಜ್ಯ ಗಾತ್ರದ ಫೀಲ್ಡಿನ ಮೇಲೆ (ನಾವು 0, 1 ಎಂಬ ಎರಡೇ ಅಂಶದ ಮೇಲೆ ಕಟ್ಟಿದ ಹಾಗೆ) ಕಟ್ಟಿದ್ದಾದರೆ ಯಾವ ವಿನಾಯಿತಿಯೂ ಬೇಡ ಅಂತ 1968ರಲ್ಲಿ ಡೇವನ್‌ಪೋರ್ಟ್. ಉಳಿದದ್ದನ್ನೆಲ್ಲ ಮುಗಿಸಿದ್ದು ಲೆನ್‌ಸ್ಟ್ರಾ ಮತ್ತು ಸ್ಕೂಫ್, 1987ರಲ್ಲಿ, ಸ್ವಲ್ಪ ಕಂಪ್ಯೂಟರ್ ಸಹಾಯ ಪಡೆದು. ಕಂಪ್ಯೂಟರ್ ಇಲ್ಲದೆ ಮಾಡಿದ ಸಾಧನೆ ಕೊಹೆನ್ ಮತ್ತು ಹುಚಿನ್ಸ್ಕಾ ಅವರದು, 2003ರಲ್ಲಿ ಬಂತು. ನನಗೆ ಅದೇ ಹೆಚ್ಚು ಇಷ್ಟ. ಹಳೇ ಕಾಲದವನು, ಏನು ಮಾಡಲಿ.

ಇನ್ನೊಂದು ಕಡೆಯಿಂದ ನೋಡಿದರೆ ಇವತ್ತಿಗೂ ಕತ್ತಲೆ. 1927ರಲ್ಲಿ ಆರ್ಟಿನ್ ಕೇಳಿದ ಪ್ರಶ್ನೆ: 2 ಅನ್ನುವ ಒಂದೇ ಸಂಖ್ಯೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿಗೆ ಪ್ರಿಮಿಟಿವ್? 3, 5, 11, 13, 19, 29ಕ್ಕೆ ಹೌದು. ಪಟ್ಟಿ ಕೊನೆ ಇಲ್ಲದೆ ಹೋಗುತ್ತೆ ಅಂತ ಎಲ್ಲರ ನಂಬಿಕೆ, ಸಾಧನೆ ಇಲ್ಲ. ಹೂಲಿ 1967ರಲ್ಲಿ ಸಾಧಿಸಿದರು, ಆದರೆ ರೀಮನ್ನನ ಇನ್ನೂ ಬಗೆಹರಿಯದ ಊಹೆಯ ವಿಸ್ತಾರ ರೂಪವನ್ನು ಸಾಲ ತಂದು. ಸಾಲ ಇಲ್ಲದೆ 1986ರಲ್ಲಿ ಹೀತ್-ಬ್ರೌನ್ ತೋರಿಸಿದ್ದರಿಂದ ಇಷ್ಟು ಗೊತ್ತು: 2, 3, 5 ಈ ಮೂರರಲ್ಲಿ ಕಡೇಪಕ್ಷ ಒಂದರ ಪಟ್ಟಿಗೆ ಕೊನೆ ಇಲ್ಲ. ಯಾವುದರದ್ದು? ಅದು ಯಾರಿಗೂ ಗೊತ್ತಿಲ್ಲ! ಚಿಪ್ ಇಂಜಿನಿಯರ್ ಅವರೂ ಇಲ್ಲಿ ಕಿವಿಗೊಡಿ. 5ಕ್ಕೆ 2 ಪ್ರಿಮಿಟಿವ್ ಆದದ್ದರಿಂದಲೇ ನಾಲ್ಕು ಬಿಟ್‌ನಲ್ಲಿ 1111ರ ಅಗ್ಗದ ಬೇಸಿಸ್ ಸಿಕ್ಕಿದ್ದು. ಹಾಗೆಯೇ 11ರಿಂದ ಹತ್ತು ಬಿಟ್‌ಗೆ, 13ರಿಂದ ಹನ್ನೆರಡು ಬಿಟ್‌ಗೆ. ಆರ್ಟಿನ್ ಪಟ್ಟಿ ಉದ್ದ ಹೋದಷ್ಟೂ ನಿಮಗೆ ಈ ಜಾತಿಯ ಬೇಸಿಸ್ ಸಿಗುತ್ತಾ ಹೋಗುತ್ತೆ.

ಪ್ರಶ್ನೆ: ಮೇಷ್ಟ್ರೇ, ನಾನೊಂದು ಶಾರ್ಟ್‌ಕಟ್ ಕಂಡುಹಿಡಿದಿದ್ದೇನೆ. ದಂಡದ ಎಡತುದಿಯಲ್ಲಿ 1 ಇದ್ದರೆ ನಾರ್ಮಲ್, 0 ಇದ್ದರೆ ಅಲ್ಲ. ಮೂರು, ನಾಲ್ಕು, ಐದು ಬಿಟ್‌ಗೆ ಮಾಡಿ ನೋಡಿದೆ, ಎಲ್ಲ ಸರಿ ಬಂತು. ಇದು ಯಾವಾಗಲೂ ನಿಜವೇ?
— ಗೃಹಿಣಿ, ಸಾಗರ

ಅಮ್ಮಾ, ನಿಮ್ಮ ಕಾಗದದ ಜೊತೆ ಬಂದ ಚೌಕಳಿ ಹಾಳೆಗಳನ್ನು ಪೂರ್ತಿ ನೋಡಿದೆ, ಒಂದು ತಪ್ಪೂ ಇಲ್ಲ. ಐದು ಬಿಟ್‌ನ ಆರು ದಂಡಗಳನ್ನೂ ಬಿಡದೆ ಮಾಡಿದ್ದೀರಿ. ನಿಮ್ಮ ಮಾತಿನ ಅರ್ಧ ಯಾವಾಗಲೂ ನಿಜ. ಎಡತುದಿ 0 ಇದ್ದರೆ ಆ ವರ್ಗಗಳನ್ನೆಲ್ಲ ಕೂಡಿದಾಗ ಸೊನ್ನೆ ಬರುತ್ತೆ, ನಾರ್ಮಲ್ ಆಗಲು ಸಾಧ್ಯವೇ ಇಲ್ಲ. ಇನ್ನರ್ಧ 4, 8, 16 ಬಿಟ್‌ಗಳಿಗೂ ನಿಜ. ಕೈ ಕೊಡುವುದು ಆರು ಬಿಟ್‌ನಲ್ಲಿ. ಅಲ್ಲಿ 1ರಿಂದ ಶುರುವಾಗುವ, ಒಡೆಯಲಾಗದ ದಂಡಗಳು ಐದು. ನಾಲ್ಕು ನಿಮ್ಮ ಮಾತು ಕೇಳುತ್ತವೆ, ಒಂದು ಕೇಳಲ್ಲ.

ಅದು 101101. ಎಡತುದಿ 1, 63 ಮನೆಯೂ ಸುತ್ತುತ್ತೆ, ಮೇಲ್ನೋಟಕ್ಕೆ ಏನೂ ಕೊರತೆ ಇಲ್ಲ. ಹದಿನಾರನೇ ಮನೆವರೆಗೆ ಬರೆಯಿರಿ. 1, 2, 8, 16ನೇ ಮನೆಗಳು 000010, 000100, 000011, 000101. ಈ ನಾಲ್ಕನ್ನೂ ಕೂಡಿ ನೋಡಿ.